ಐದನೇ ಕ್ವಿಂಟಲಿಗೆ ಲೆಕ್ಕ ತಪ್ಪದಿರಲಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಂದ ಐಟಿಐ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋಗಿ, ಹೊಲಕ್ಕೆ ಬೇಕಾದ ಸಣ್ಣ ಸಣ್ಣ ಸಲಕರಣೆ ಮಾಡುತ್ತಿರುವ ತಮ್ಮಂದಿರಿಗೆ ಮತ್ತು ತಂಗಿಯರಿಗೆ,



2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಈ ದರವನ್ನೂ ತೂಕವನ್ನೂ ಒತ್ತಿದರೆ ಮೊತ್ತ ತೋರಿಸುವ ಪುಟ್ಟ ಯಂತ್ರವೊಂದನ್ನು ಆರ್ಡುಯಿನೊ ಊನೊ ಬೋರ್ಡಿನ ಮೇಲೆ ಮಾಡಿದಿರಿ ಅನ್ನಿ. ದರ ಒಂದು ‘ಇಂಟ್’, ಕ್ವಿಂಟಲ್ ಇನ್ನೊಂದು ‘ಇಂಟ್’, ಎರಡನ್ನೂ ಗುಣಿಸಿ ಪರದೆಗೆ ಕಳಿಸುವ ಒಂದೇ ಒಂದು ಸಾಲು. ಮೊದಲು ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡುತ್ತೀರಿ. ನಾಲ್ಕು ಕ್ವಿಂಟಲಿಗೆ 32,000 ಬರುತ್ತದೆ, ಐದಕ್ಕೆ 40,000 ಬರುತ್ತದೆ. ಸರಿ ಇದೆ ಎಂದು ಅದೇ ಸಾಲನ್ನು ಬೋರ್ಡಿಗೆ ಇಳಿಸುತ್ತೀರಿ. ಅಲ್ಲಿ ನಾಲ್ಕು ಕ್ವಿಂಟಲಿಗೆ 32,000 ಸರಿಯಾಗಿಯೇ ಬರುತ್ತದೆ. ಐದಕ್ಕೆ ಬರುವುದು ಮೈನಸ್ 25,536.

ಒಂದಕ್ಷರವೂ ಬದಲಾಗದ ಸಾಲು ಎರಡು ಕಡೆ ಎರಡು ಉತ್ತರ ಕೊಟ್ಟಿದೆ. ತಂತಿ ಸಡಿಲಾಗಿಲ್ಲ, ಬೋರ್ಡು ಕೆಟ್ಟಿಲ್ಲ, ನಿಮ್ಮ ಗುಣಾಕಾರವೂ ತಪ್ಪಿಲ್ಲ. ಊನೊ ಮೇಲಿರುವ ಎಟಿಮೆಗಾ328ಪಿ ಚಿಪ್ಪಿಗೆ ಕಂಪೈಲರ್ ಕೊಡುವ ಇಂಟ್ 16 ಬಿಟ್‌ನದು. ಅದರಲ್ಲಿ ಹಿಡಿಸುವುದು ಮೈನಸ್ 32,768ರಿಂದ 32,767ರವರೆಗೆ ಮಾತ್ರ. ಲ್ಯಾಪ್‌ಟಾಪಿನ ಇಂಟ್ 32 ಬಿಟ್‌ನದು, 214 ಕೋಟಿ ದಾಟುವವರೆಗೆ ಅದಕ್ಕೆ ತೊಂದರೆಯಿಲ್ಲ. ಇನ್ನೂ ಒಂದು ಮಾತು ಇಲ್ಲೇ ಹೇಳಬೇಕು. ‘ಮೊತ್ತವನ್ನು ಲಾಂಗ್‌ನಲ್ಲಿ ಇಟ್ಟರಾಯಿತು’ ಎಂದು ಹಲವರು ಎಡಬದಿಯ ಹೆಸರಿಗೆ ಮಾತ್ರ ‘ಲಾಂಗ್’ ಹಚ್ಚುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಎರಡು ಇಂಟ್‌ಗಳ ಗುಣಾಕಾರ ಇಂಟ್‌ನಲ್ಲೇ ನಡೆದು, ಅಲ್ಲೇ ಕೆಟ್ಟು, ಕೆಟ್ಟ ಉತ್ತರ ಲಾಂಗ್‌ನೊಳಗೆ ಹೋಗಿ ಕೂಡುತ್ತದೆ. ಗುಣಿಸುವ ಮೊದಲೇ ಎರಡರಲ್ಲಿ ಒಂದನ್ನಾದರೂ ದೊಡ್ಡದು ಮಾಡಬೇಕು.

ಈ ಪತ್ರ ಬರೆಯುತ್ತಿರುವುದು ಇಂಥ ಲೆಕ್ಕಗಳ ಬಗ್ಗೆ. ನಿಮ್ಮ ಕೆಲಸದ ಬಗ್ಗೆ ನನಗೆ ಅಭಿಮಾನವಿದೆ. ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಲಬುರಗಿ ಜಿಲ್ಲೆ ನಮ್ಮದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ 1958ರಿಂದ ಇಂಜಿನಿಯರಿಂಗ್ ಕಾಲೇಜು ಇದೆ. ಅಟಲ್ ಟಿಂಕರಿಂಗ್ ಲ್ಯಾಬ್ ಬಂದ ಮೇಲೆ ಹೈಸ್ಕೂಲ್ ಮಕ್ಕಳ ಕೈಗೂ ಆರ್ಡುಯಿನೊ ಬಂತು. ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ನೀವು ತರುವ ವಸ್ತುಗಳು ನೀರಿನ ಮಟ್ಟ ಅಳೆಯುವಂಥವು, ಪಂಪ್‌ಸೆಟ್ ಚಾಲೂ ಮಾಡುವಂಥವು, ಚೀಲ ತೂಗುವಂಥವು. ಇವು ಪ್ರದರ್ಶನದ ಮೇಜಿನಿಂದ ಒಂದಲ್ಲ ಒಂದು ದಿನ ಹೊಲಕ್ಕೆ ಇಳಿಯುತ್ತವೆ. ಅಲ್ಲಿ ಐದನೇ ಕ್ವಿಂಟಲಿಗೆ ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ನಿಮ್ಮ ಅಪ್ಪನಿಗೋ ಕಾಕಾನಿಗೋ.

ಮೂಲ ಎಲ್ಲಿದೆ ನೋಡೋಣ. ಸಿ ಭಾಷೆಯ ಮಾನಕ ಇಂಟ್ ಇಷ್ಟೇ ಬಿಟ್ ಎಂದು ಎಲ್ಲೂ ಹೇಳಿಲ್ಲ. ಇಂಟ್ ಕನಿಷ್ಠ 16 ಬಿಟ್, ಲಾಂಗ್ ಕನಿಷ್ಠ 32, ಲಾಂಗ್ ಲಾಂಗ್ ಕನಿಷ್ಠ 64 ಇರಬೇಕು ಎನ್ನುತ್ತದೆ, ಅಷ್ಟೆ. ಉಳಿದದ್ದು ಆಯಾ ಯಂತ್ರಕ್ಕೆ, ಆಯಾ ಕಂಪೈಲರಿಗೆ ಬಿಟ್ಟದ್ದು. ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿದ 1956ರ ತೂಕ-ಅಳತೆ ಕಾಯ್ದೆ ಬರುವ ಮುಂಚೆ ಪ್ರಾಂತಕ್ಕೊಂದು ಸೇರು ಇತ್ತೆಂದು ಹಿರಿಯರು ಹೇಳುತ್ತಾರೆ. ನಿಜಾಮರ ಸೀಮೆಯಲ್ಲಿದ್ದ ನಮ್ಮವರು ಗಡಿಯಾಚೆಯ ಪೇಟೆಗೆ ಹೋದರೆ ‘ಎಷ್ಟು ಸೇರು’ ಎನ್ನುವ ಮೊದಲು ‘ಎಲ್ಲಿಯ ಸೇರು’ ಎಂದು ಕೇಳಬೇಕಾಗಿತ್ತು. ಇಂಟ್ ಎಂಬುದು ಆ ಸೇರಿನಂಥದ್ದು.

ಆದರೆ ನಮ್ಮ ತರಗತಿಗಳಲ್ಲಿ ಇದನ್ನು ಹೀಗೆ ಕಲಿಸಲಿಲ್ಲ. ಬಹಳ ಕಾಲ ಲ್ಯಾಬುಗಳಲ್ಲಿ ಇದ್ದದ್ದು ಡಾಸ್ ಮೇಲೆ ಓಡುವ ಟರ್ಬೊ ಸಿ. ಅದರಲ್ಲಿ ಇಂಟ್ 2 ಬೈಟ್. ಆಗ ಬರೆದ ನೋಟ್ಸ್‌ನಲ್ಲಿ ‘ಇಂಟ್ 2 ಬೈಟ್’ ಎಂದು ಉಳಿಯಿತು. ಆಮೇಲೆ ಲಿನಕ್ಸ್ ಬಂತು, ಹೊಸ ನೋಟ್ಸ್‌ನಲ್ಲಿ ‘4 ಬೈಟ್’ ಎಂದಾಯಿತು. ಒಂದೇ ಅಂಕದ ಪ್ರಶ್ನೆಗೆ ಒಬ್ಬರು 2 ಬರೆದು, ಇನ್ನೊಬ್ಬರು 4 ಬರೆದು ಜಗಳಾಡಿದ್ದನ್ನು ನೀವೂ ನೋಡಿರುತ್ತೀರಿ. ಇಬ್ಬರೂ ಒಂದೊಂದು ಯಂತ್ರದ ಸಂಗತಿಯನ್ನು ಭಾಷೆಯ ನಿಯಮವೆಂದು ತಿಳಿದವರು. ಕಲಿಸುವ ಗುರುಗಳು ಈ ಪತ್ರ ಓದುತ್ತಿದ್ದರೆ ಅವರಲ್ಲಿ ನನ್ನ ವಿನಂತಿ: ಪ್ರಶ್ನೆಪತ್ರಿಕೆಯಲ್ಲಿ ಯಂತ್ರದ ಹೆಸರನ್ನೂ ಬರೆಯಿರಿ. ‘ಊನೊ ಬೋರ್ಡಿನಲ್ಲಿ ಇಂಟ್ ಎಷ್ಟು?’ ಎಂದು ಕೇಳಿದ ದಿನ, ಬೇರೆ ಬೋರ್ಡಿನಲ್ಲಿ ಬೇರೆ ಇರಬಹುದೆಂದು ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯುತ್ತದೆ.

ಒಂದು ಯಂತ್ರದ ಮೇಲೆ ಕೂತು ಇನ್ನೊಂದು ಯಂತ್ರಕ್ಕಾಗಿ ಪ್ರೋಗ್ರಾಂ ಕಟ್ಟುವುದನ್ನು ಕ್ರಾಸ್-ಕಂಪೈಲ್ ಎನ್ನುತ್ತಾರೆ. ಆರ್ಡುಯಿನೊ ಸಾಫ್ಟ್‌ವೇರಿನಲ್ಲಿ ಅಪ್‌ಲೋಡ್ ಗುಂಡಿ ಒತ್ತಿದಾಗಲೆಲ್ಲ ನೀವು ಮಾಡುವುದು ಇದನ್ನೇ. ಆ ಚಿಪ್ಪಿನಲ್ಲಿ 2 ಕಿಲೋಬೈಟ್ ನೆನಪು, 32 ಕಿಲೋಬೈಟ್ ಫ್ಲ್ಯಾಶ್ ಇರುತ್ತದೆ. ಕಂಪೈಲರ್ ಅದರೊಳಗೆ ಕೂಡಲಾರದು. ಹಾಗಾಗಿ ಕಟ್ಟುವ ಯಂತ್ರ ಒಂದು, ಓಡುವ ಯಂತ್ರ ಇನ್ನೊಂದು. ನಾನು ಹೇಳಲು ಬಂದದ್ದು ಇಷ್ಟೇ: ಓಡುವ ಯಂತ್ರದ ಬಗೆಗಿನ ಪ್ರಶ್ನೆಗೆ ಕಟ್ಟುವ ಯಂತ್ರ ಉತ್ತರ ಕೊಡದಂತೆ ನೋಡಿಕೊಳ್ಳಿ. ಮುಂದೆ ಬರೆಯುವುದೆಲ್ಲ ಇದರ ಬೇರೆ ಬೇರೆ ರೂಪ.

ಪಂಪ್‌ಸೆಟ್ಟಿನ ವಿಷಯ ತೆಗೆದುಕೊಳ್ಳಿ. ಮೊಬೈಲ್ ಸ್ಟಾರ್ಟರ್ ಈಗ ನಮ್ಮ ಕಡೆ ಹೊಸದೇನಲ್ಲ. ತ್ರೀಫೇಸ್ ಕರೆಂಟು ರಾತ್ರಿ ಯಾವಾಗ ಬರುತ್ತದೋ ತಿಳಿಯದ ಊರುಗಳಲ್ಲಿ ಅದು ರೈತನಿಗೆ ನಿದ್ದೆ ಕೊಟ್ಟಿದೆ. ಅಂಥದ್ದನ್ನು ನೀವೇ ಮಾಡುವಾಗ ಒಂದು ನಿಮಿಷ ಕಾಯಲು ‘ಡಿಲೇ’ಗೆ 60 ಗುಣಿಸು 1000 ಎಂದು ಬರೆಯುತ್ತೀರಿ, ಏಕೆಂದರೆ ಅದು ಮಿಲಿಸೆಕೆಂಡಿನಲ್ಲಿ ಕೇಳುತ್ತದೆ. 60,000 ಎಂಬುದು 16 ಬಿಟ್ ಇಂಟ್‌ನಲ್ಲಿ ಹಿಡಿಸದು, ಮೈನಸ್ 5,536 ಆಗುತ್ತದೆ. ಡಿಲೇಗೆ ಬೇಕಾದದ್ದು ಋಣ ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆ. ಮೈನಸ್ 5,536 ಅದರೊಳಗೆ ಹೋದಾಗ 429 ಕೋಟಿ ಮಿಲಿಸೆಕೆಂಡುಗಳಾಗಿ ಹಿಗ್ಗುತ್ತದೆ. ಲೆಕ್ಕ ಹಾಕಿದರೆ ಸುಮಾರು 49 ದಿನ 17 ತಾಸು. ಒಂದು ನಿಮಿಷ ಓಡಿ ನಿಲ್ಲಬೇಕಾದ ಮೋಟಾರು ಕರೆಂಟು ಹೋಗುವವರೆಗೂ ನಿಲ್ಲುವುದಿಲ್ಲ. ಬೋರಿನಲ್ಲಿ ನೀರು ಮುಗಿದ ಮೇಲೂ ಓಡಿದರೆ ಮೋಟಾರಿನ ಗತಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಮತ್ತೆ ಸುತ್ತಿಸಲು ಎಷ್ಟು ಖರ್ಚು ಬರುತ್ತದೆಂಬುದೂ ನಿಮ್ಮ ಮನೆಯವರಿಗೆ ಗೊತ್ತು.

ನನಗೆ ತೀರ ಬೇಸರ ತರಿಸುವ ಸಂಗತಿ ಬೇರೊಂದಿದೆ. ಈ ತಪ್ಪನ್ನು ಕಂಪೈಲರ್ ಕಂಡಿರುತ್ತದೆ. ಎರಡು ಸ್ಥಿರ ಸಂಖ್ಯೆಗಳ ಗುಣಾಕಾರ ಮಿತಿ ಮೀರಿದರೆ ಜಿಸಿಸಿ ಕಂಪೈಲರ್ ಯಾರೂ ಕೇಳದೆಯೇ ಎಚ್ಚರಿಕೆ ಕೊಡುತ್ತದೆ. ಆದರೆ ಆರ್ಡುಯಿನೊ ಸಾಫ್ಟ್‌ವೇರಿನ ಪ್ರಿಫರೆನ್ಸ್ ಪುಟದಲ್ಲಿ ‘ಕಂಪೈಲರ್ ವಾರ್ನಿಂಗ್ಸ್’ ಎಂಬಲ್ಲಿ ಮೊದಲಿಗೇ ‘ನನ್’ ಎಂದಿರುತ್ತದೆ. ಅದರರ್ಥ ಎಚ್ಚರಿಕೆಗಳನ್ನೆಲ್ಲ ಮುಚ್ಚಿಬಿಡು ಎಂದು. ಹೊಸಬರು ಎಚ್ಚರಿಕೆಯ ಅಕ್ಷರ ಕಂಡು ಗಾಬರಿಯಾಗದಿರಲೆಂದು ಹಾಗೆ ಇಟ್ಟಿರಬಹುದು. ಹೊಲಕ್ಕೆ ಹೋಗುವ ವಸ್ತು ಮಾಡುವವರಿಗೆ ಅದು ಸಲ್ಲದು. ಪತ್ರ ಓದಿ ಮುಗಿಸಿದ ಕೂಡಲೇ ಅಲ್ಲಿ ‘ಆಲ್’ ಎಂದು ಬದಲಿಸಿ. ನಿಮಿಷಗಳು ಸ್ಥಿರ ಸಂಖ್ಯೆಯಾಗದೆ ರೈತ ಒತ್ತುವ ಸಂಖ್ಯೆಯಾಗಿದ್ದರೆ ಮಾತ್ರ ಕಂಪೈಲರಿಗೂ ಮುಂಚೆಯೇ ತಿಳಿಯದು. ಅಲ್ಲಿ ನಿಮ್ಮ ಎಚ್ಚರವೇ ಬೇಕು.

ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರಿನಲ್ಲೂ ಇದೇ ಕಥೆ. ಸದ್ದು ಹೋಗಿ ಬರುವ ಮೈಕ್ರೋಸೆಕೆಂಡನ್ನು ಇಂಟ್‌ನಲ್ಲಿಟ್ಟು 34ರಿಂದ ಗುಣಿಸಿದರೆ 964ನೇ ಮೈಕ್ರೋಸೆಕೆಂಡಿಗೇ ಮಿತಿ ಒಡೆಯುತ್ತದೆ. ದೂರದ ಲೆಕ್ಕದಲ್ಲಿ ಅದು ಸುಮಾರು 16 ಸೆಂಟಿಮೀಟರ್. ಮೇಜಿನ ಮೇಲೆ ಬಕೆಟ್ಟಿನಲ್ಲಿ ಹತ್ತಿರದಿಂದ ಅಳೆದಾಗ ಸರಿ ಬಂದದ್ದು ತೊಟ್ಟಿಯ ಮೇಲೆ ಕಟ್ಟಿದಾಗ ಹುಚ್ಚುಚ್ಚಾಗಿ ತೋರಿಸುವುದು ಇದಕ್ಕಾಗಿ. ಭೀಮೆಯ ದಂಡೆಯವರು ಇನ್ನೂ ದೊಡ್ಡ ಸಂಖ್ಯೆ ನೋಡಿದವರು. 2020ರ ಅಕ್ಟೋಬರದಲ್ಲಿ ಅಫಜಲಪುರ, ಜೇವರ್ಗಿಯ ಊರುಗಳಿಗೆ ನೀರು ನುಗ್ಗಿದಾಗ ಸೊನ್ನ ಬ್ಯಾರೇಜಿನಿಂದ ಹರಿದ ನೀರನ್ನು ಲಕ್ಷಗಟ್ಟಲೆ ಕ್ಯೂಸೆಕ್‌ನಲ್ಲಿ ಹೇಳುತ್ತಿದ್ದರು. 16 ಬಿಟ್‌ನಲ್ಲಿ ಋಣ ಚಿಹ್ನೆ ಬಿಟ್ಟುಕೊಟ್ಟರೂ 65,535ರಾಚೆ ಜಾಗವಿಲ್ಲ. ಬೇಸಿಗೆಯಲ್ಲಿ ಪರೀಕ್ಷಿಸಿದ ಪ್ರೋಗ್ರಾಂ ಪ್ರವಾಹದ ದಿನ, ಅಂದರೆ ಅದು ನಿಜವಾಗಿ ಬೇಕಾದ ದಿನವೇ, ಸಣ್ಣ ಸಂಖ್ಯೆ ತೋರಿಸಿದರೆ ಜನ ಮನೆ ಬಿಟ್ಟು ಹೊರಡುವುದಿಲ್ಲ.

ಇಂಟ್ ಬಿಟ್ಟು ಎಲ್ಲ ಕಡೆ ಲಾಂಗ್ ಬರೆದರೆ ಉಳಿಯುತ್ತೇವೆಯೇ ಎಂದು ನೀವು ಕೇಳಬಹುದು. ಲಾಂಗ್ ಇನ್ನೂ ತೊಡಕಿನದು. ಊನೊದಲ್ಲಿ ಅದು 32 ಬಿಟ್. ಇಎಸ್‌ಪಿ32ರಲ್ಲಿ 32. 32 ಬಿಟ್ ಲಿನಕ್ಸ್ ಹಾಕಿದ ರಾಸ್ಪ್‌ಬೆರಿ ಪೈನಲ್ಲಿ 32, ಅದೇ ಪೈಗೆ 2022ರಲ್ಲಿ ಅಧಿಕೃತವಾಗಿ ಬಂದ 64 ಬಿಟ್ ವ್ಯವಸ್ಥೆ ಹಾಕಿದರೆ 64. ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ 64. ವಿಂಡೋಸ್ ಇರುವ ಅಂಥದ್ದೇ ಲ್ಯಾಪ್‌ಟಾಪಿನಲ್ಲಿ ಮತ್ತೆ 32. ಒಂದೇ ಕೋಣೆಯಲ್ಲಿ ಕೂತ ಇಬ್ಬರು ಗೆಳೆಯರ ಲ್ಯಾಪ್‌ಟಾಪುಗಳೇ ಒಂದಕ್ಕೊಂದು ಒಪ್ಪುವುದಿಲ್ಲ.

ತೂಕದ ಯಂತ್ರ ಮಾಡುವವರಿಗೆ ಇದು ಹೇಗೆ ತಟ್ಟುತ್ತದೆ ಹೇಳುತ್ತೇನೆ. ಲೋಡ್ ಸೆಲ್ಲಿಗೆ ನೀವೆಲ್ಲ ಹಚ್ಚುವ ಎಚ್‌ಎಕ್ಸ್711 ಚಿಪ್ಪು 24 ಬಿಟ್ ಸಂಖ್ಯೆ ಕೊಡುತ್ತದೆ. ಅದು ಋಣವೂ ಇರಬಹುದು, ಏಕೆಂದರೆ ಖಾಲಿ ತಟ್ಟೆ ಸೊನ್ನೆಯ ಸುತ್ತಮುತ್ತ ಓಲಾಡುತ್ತದೆ. ಋಣ ಸಂಖ್ಯೆಯಾದರೆ ಮೇಲಿನ 8 ಬಿಟ್‌ಗಳನ್ನು ಒಂದರಿಂದ ತುಂಬಿ 32 ಬಿಟ್ ಮಾಡಿ ಲಾಂಗ್‌ನಲ್ಲಿ ಇಡುವುದು ರೂಢಿ. ಊನೊದಲ್ಲಿ ಅದು ಸರಿ. ಮೈನಸ್ 200 ಎಂಬುದು ಮೈನಸ್ 200 ಆಗಿಯೇ ಬರುತ್ತದೆ. ಅದೇ ಕೋಡನ್ನು 64 ಬಿಟ್ ಪೈಗೆ ಒಯ್ದರೆ ಲಾಂಗ್ 64 ಬಿಟ್‌ನದ್ದಾಗಿರುತ್ತದೆ, ಕೆಳಗಿನ 32 ಮಾತ್ರ ತುಂಬಿ ಮೇಲಿನ 32 ಸೊನ್ನೆ ಉಳಿಯುತ್ತವೆ. ಖಾಲಿ ತಟ್ಟೆಯ ಓದು 4,29,49,67,096 ಆಗುತ್ತದೆ. ಇಲ್ಲಿ ದೊಡ್ಡ ಯಂತ್ರಕ್ಕೆ ಹೋದದ್ದರಿಂದಲೇ ಕೆಟ್ಟಿತು ಎಂಬುದನ್ನು ಗಮನಿಸಿ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವಾಗ ಭಯವಿಲ್ಲ ಎಂದು ನಂಬಿದವರು ಬಹಳ.

ತೂಕದ ಕಾಟಾದ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಭೂಸನೂರು, ಹಾವಳಗಾ ಕಾರ್ಖಾನೆಗಳ ಮುಂದೆ ಹಂಗಾಮಿನಲ್ಲಿ ಸಾಲುಗಟ್ಟುವ ಕಬ್ಬಿನ ಲಾರಿ ತನ್ನ ತೂಕವೂ ಸೇರಿ 33,000 ಕಿಲೋ ಆದರೆ 16 ಬಿಟ್ ಲೆಕ್ಕದಲ್ಲಿ ಮೈನಸ್ 32,536. 50 ಕಿಲೋದ ತೊಗರಿ ಚೀಲವನ್ನು ಗ್ರಾಂನಲ್ಲಿ ಹಿಡಿದರೆ ಮೈನಸ್ 15,536. ನಿಮ್ಮ ಯಂತ್ರ ಎಷ್ಟೇ ಚೆನ್ನಾಗಿದ್ದರೂ ವ್ಯಾಪಾರಕ್ಕೆ ಬಳಸುವ ಮೊದಲು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಪರಿಶೀಲನೆಯಾಗಿ ಮುದ್ರೆ ಬೀಳಬೇಕು. ಅದನ್ನು ತಪ್ಪಿಸಬೇಡಿ.

ಎರಡು ಯಂತ್ರಗಳು ಒಂದಕ್ಕೊಂದು ಮಾತಾಡುವಾಗ ಗಾತ್ರದ ವ್ಯತ್ಯಾಸ ಇನ್ನಷ್ಟು ಬೆಳೆಯುತ್ತದೆ. ಹೊಲದಲ್ಲಿರುವ ಊನೊ ಒಂದು ಪೊಟ್ಟಣ ಕಳಿಸುತ್ತದೆ ಅನ್ನಿ: ಹೊಲದ ಸಂಖ್ಯೆ ಇಂಟ್, ಸಮಯ ಲಾಂಗ್, ತೇವಾಂಶ ಇಂಟ್, ಇದೇ ಕ್ರಮದಲ್ಲಿ ಒಂದು ಸ್ಟ್ರಕ್ಟ್. ಊನೊದಲ್ಲಿ ಇದು 8 ಬೈಟ್. ಇಎಸ್‌ಪಿ32ರಲ್ಲಿ 12. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ 24, ಏಕೆಂದರೆ 8 ಬೈಟಿನ ಲಾಂಗ್ ತನಗೆ ಒಪ್ಪುವ ಜಾಗದಲ್ಲಿ ಕೂಡಬೇಕೆಂದು ಕಂಪೈಲರ್ ನಡುವೆ 4, ಕೊನೆಗೆ 4 ಬೈಟ್ ಖಾಲಿ ಬಿಡುತ್ತದೆ. ಮೂರೂ ಕಡೆ ಒಂದೇ ಹೆಡರ್ ಫೈಲು ಸೇರಿಸಿದ್ದೀರಿ, ಒಂದೂ ದೋಷ ತೋರಿಸದೆ ಕಟ್ಟಿದ್ದೀರಿ. ಬಂದ ಬೈಟುಗಳನ್ನು ಹಾಗೆಯೇ ಸ್ಟ್ರಕ್ಟ್‌ನೊಳಗೆ ಸುರುವಿದರೆ ಹೊಲದ ಸಂಖ್ಯೆಯ ಜಾಗದಲ್ಲಿ ಸಮಯದ ಅರ್ಧವೂ ಬಂದು ಕೂತಿರುತ್ತದೆ. ಸ್ಟ್ರಕ್ಟನ್ನು ತಂತಿಯ ಮೇಲೆ ಕಳಿಸಬೇಡಿ. ಪ್ರತಿ ಅಂಶಕ್ಕೂ ಇಷ್ಟು ಬೈಟ್ ಎಂದು ಬರೆದಿಟ್ಟು, ಒಂದೊಂದೇ ಬೈಟನ್ನು ಗೊತ್ತಾದ ಕ್ರಮದಲ್ಲಿ ಕಳಿಸಿ, ಹಾಗೆಯೇ ಬಿಡಿಸಿಕೊಳ್ಳಿ.

ನಿಮ್ಮಲ್ಲಿ ಮುಂದೆ ಹೋದ ಕೆಲವರು ಪೈಯಂಥ ಲಿನಕ್ಸ್ ಬೋರ್ಡಿಗೆ ದೊಡ್ಡ ಲೈಬ್ರರಿಗಳನ್ನು ಲ್ಯಾಪ್‌ಟಾಪಿನಲ್ಲೇ ಕಟ್ಟಿ ಒಯ್ಯುತ್ತೀರಿ. ಅಲ್ಲಿ ಈ ತೊಂದರೆ ಒಂದು ಸೂಕ್ಷ್ಮ ರೂಪ ತಾಳುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ವಿಷಯ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ.

ಹಳೆಯ ಸಿ ಲೈಬ್ರರಿಗಳು ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟ್ ಹೊತ್ತು ಬರುತ್ತವೆ. ಅದು ಯಂತ್ರವನ್ನು ಪ್ರಶ್ನೆ ಕೇಳುತ್ತದೆ. ಲಾಂಗ್ ಎಷ್ಟು ಬೈಟ್, ಪಾಯಿಂಟರ್ ಎಷ್ಟು ಬೈಟ್ ಎಂದು ತಿಳಿಯಲು ಪುಟ್ಟ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ, ಓಡಿಸಿ, ಬಂದ ಉತ್ತರವನ್ನು ಒಂದು ಹೆಡರ್ ಫೈಲಿನಲ್ಲಿ ಬರೆದಿಡುತ್ತದೆ. ಪೈಗಾಗಿ ಕಟ್ಟುವಾಗ ಆ ಪುಟ್ಟ ಪ್ರೋಗ್ರಾಂ ಪೈನ ಆರ್ಮ್ ಪ್ರೊಸೆಸರಿನ ಭಾಷೆಯದು. ಲ್ಯಾಪ್‌ಟಾಪು ಅದನ್ನು ಓಡಿಸಲಾರದು. ಆಗ ಸ್ಕ್ರಿಪ್ಟ್ ‘ಕ್ರಾಸ್-ಕಂಪೈಲ್ ಮಾಡುವಾಗ ಪರೀಕ್ಷೆ ಓಡಿಸಲಾಗದು’ ಎಂದು ನಿಂತರೆ ನಿಮ್ಮ ಪುಣ್ಯ. ಕೆಲವು ಸ್ಕ್ರಿಪ್ಟ್‌ಗಳು ನಿಲ್ಲದೆ ಒಂದು ಅಂದಾಜು ಬರೆದುಬಿಡುತ್ತವೆ. ಇನ್ನು ಕೆಲವು ಸಲ ಅವಸರದಲ್ಲಿ ನಾವೇ ಲ್ಯಾಪ್‌ಟಾಪಿಗಾಗಿ ಹುಟ್ಟಿದ ಹೆಡರ್ ಫೈಲನ್ನು ತಂದು ಇಡುತ್ತೇವೆ. ಅದರಲ್ಲಿ ‘ಲಾಂಗ್ 8 ಬೈಟ್’ ಎಂದಿರುತ್ತದೆ. 64 ಬಿಟ್ ಸಂಖ್ಯೆಗೆ ಲಾಂಗ್ ಸಾಕು ಎಂದು ಲೈಬ್ರರಿ ತೀರ್ಮಾನಿಸುತ್ತದೆ. 32 ಬಿಟ್ ಪೈನ ಕಂಪೈಲರ್ ಅದೇ ಲಾಂಗನ್ನು 4 ಬೈಟ್ ಮಾಡಿ ಕಟ್ಟುತ್ತದೆ. ಯಾರೂ ಯಾರಿಗೂ ಎದುರಾಡುವುದಿಲ್ಲ. ಸಣ್ಣ ಸಂಖ್ಯೆಗಳೆಲ್ಲ ಸರಿಯಾಗಿ ಬರುತ್ತವೆ. 1970ರಿಂದ ಎಣಿಸಿದ ಮಿಲಿಸೆಕೆಂಡುಗಳಂಥ ಸಂಖ್ಯೆ, ಅಂದರೆ ಒಂದೂಮುಕ್ಕಾಲು ಲಕ್ಷ ಕೋಟಿಯಷ್ಟು ದೊಡ್ಡದು ಬಂದಾಗ ಮೇಲಿನ ಅರ್ಧ ಕತ್ತರಿಸಿಹೋಗುತ್ತದೆ.

ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿದ್ದು. ಪ್ರೋಗ್ರಾಂ ಓಡಿಸದೆಯೇ ಗಾತ್ರ ತಿಳಿಯುವ ದಾರಿ ಅದು. ಒಂದು ಅರೇ ಘೋಷಿಸುತ್ತಾರೆ. ‘ಲಾಂಗ್ 4 ಬೈಟಿಗಿಂತ ಹೆಚ್ಚಿಲ್ಲ’ ಎಂಬ ಮಾತು ನಿಜವಾದರೆ ಅದರ ಉದ್ದ 1, ಸುಳ್ಳಾದರೆ ಮೈನಸ್ 1 ಆಗುವಂತೆ ಬರೆದಿರುತ್ತಾರೆ. ಮೈನಸ್ ಉದ್ದದ ಅರೇಯನ್ನು ಕಂಪೈಲರ್ ಒಪ್ಪುವುದಿಲ್ಲ. ಒಪ್ಪಿತೋ ಇಲ್ಲವೋ ಎಂಬುದೇ ಉತ್ತರ. ಹೀಗೆ ಹೆಚ್ಚು-ಕಡಿಮೆ ಕೇಳುತ್ತಾ ನಾಲ್ಕಾರು ಸಲದಲ್ಲಿ ಸರಿಯಾದ ಸಂಖ್ಯೆಗೆ ಬಂದು ಮುಟ್ಟಬಹುದು. ಉತ್ತರಿಸಿದ್ದು ಪೈಗಾಗಿ ಕಟ್ಟುವ ಕಂಪೈಲರ್, ಲ್ಯಾಪ್‌ಟಾಪಿಗೆ ಬಾಯಿ ಹಾಕಲು ಎಡೆಯೇ ಇಲ್ಲ. ಆಟೊಕಾನ್ಫ್ ಎಂಬ ಸಾಧನ ಈಗ ಗಾತ್ರ ಕೇಳುವುದು ಹೀಗೆಯೇ. ನಿಮ್ಮ ಕೈಯಲ್ಲಿರುವ ಲೈಬ್ರರಿ ಹಳೆಯದಾದರೆ, ಕಟ್ಟಿದ ಮೇಲೆ ಆ ಹೆಡರ್ ಫೈಲು ತೆರೆದು ಗಾತ್ರದ ಸಾಲುಗಳನ್ನು ಕಣ್ಣಾರೆ ನೋಡಿ. ಲ್ಯಾಪ್‌ಟಾಪಿನ ಹೆಡರ್ ಫೈಲನ್ನು ನಕಲು ಮಾಡುವುದಂತೂ ಬೇಡವೇ ಬೇಡ.

ಕೋಷ್ಟಕ ಹುಟ್ಟಿಸುವ ಪ್ರೋಗ್ರಾಂಗಳಲ್ಲೂ ಇದೇ ಅಪಾಯ. ಕಟ್ಟುವ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಓಡಿ ಬೋರ್ಡಿಗೆ ಬೇಕಾದ ಅಂಕಿಗಳ ಕೋಷ್ಟಕ ಬರೆದುಕೊಡುವ ಪ್ರೋಗ್ರಾಂ ‘ಸೈಜ್ಆಫ್ ಲಾಂಗ್’ ಎಂದು ಕೇಳಿದರೆ ಅದಕ್ಕೆ ಸಿಗುವುದು ಲ್ಯಾಪ್‌ಟಾಪಿನ ಲಾಂಗ್.

ಇಂಥ ಪೇಚಾಟ ನಮ್ಮ ಕಾಲದ್ದಷ್ಟೇ ಅಲ್ಲ. 1970ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಮತ್ತು ಸ್ಟೀವ್ ಜಾನ್ಸನ್, 16 ಬಿಟ್‌ನ ಪಿಡಿಪಿ-11 ಮೇಲೆ ಬೆಳೆದ ಯುನಿಕ್ಸ್ ಅನ್ನು 32 ಬಿಟ್‌ನ ಇಂಟರ್‌ಡೇಟಾ 8/32ಕ್ಕೆ ಒಯ್ದರು. ಆಗ ಇಂಥ ಊಹೆಗಳು ಒಂದೊಂದಾಗಿ ಹೊರಬಿದ್ದವು. ಜಾನ್ಸನ್ ಬರೆದ ‘ಲಿಂಟ್’ ಎಂಬ ತಪಾಸಣೆಯ ಪ್ರೋಗ್ರಾಂ ಆ ಕಾಲದ್ದೇ. ಭಾಷೆಯನ್ನು ಹುಟ್ಟಿಸಿದವರಿಗೇ ತಪಾಸಣೆಯ ಸಾಧನ ಬೇಕೆನಿಸಿದಾಗ ನಾವು ಕಂಪೈಲರಿನ ಎಚ್ಚರಿಕೆ ಮುಚ್ಚಿ ಕೂಡುವುದು ಹೇಗೆ?

ಕನ್ನಡಕ್ಕೆ ನೇರ ತಟ್ಟುವ ಒಂದು ಸಂಗತಿ ಇದೆ. ರೈತನ ಹೆಸರನ್ನು ಪರದೆಯ ಮೇಲೆ ಕನ್ನಡದಲ್ಲಿ ತೋರಿಸಬೇಕೆಂಬ ಆಸೆ ನಿಮ್ಮಲ್ಲಿ ಅನೇಕರಿಗಿದೆ. ಅದು ಇರಲೇಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ‘ಆಳಂದ’ ಎಂದರೆ 12 ಬೈಟ್. ‘ಅ’ ಅಕ್ಷರದ ಬೈಟುಗಳು 224, 178, 133. ಎಲ್ಲವೂ 127ಕ್ಕಿಂತ ದೊಡ್ಡವು. ‘ಕ್ಯಾರ್’ ಎಂಬ ಒಂದು ಬೈಟಿನ ವಿಧಕ್ಕೆ ಋಣ ಚಿಹ್ನೆ ಇರಬೇಕೋ ಬೇಡವೋ ಎಂಬುದನ್ನೂ ಮಾನಕ ಆಯಾ ಯಂತ್ರಕ್ಕೆ ಬಿಟ್ಟಿದೆ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಕ್ಯಾರ್‌ಗೆ ಋಣ ಚಿಹ್ನೆ ಇದೆ, ಆರ್ಮ್ ಲಿನಕ್ಸ್‌ನಲ್ಲಿ ಇಲ್ಲ. ಹೀಗಾಗಿ ಪೈನಲ್ಲಿ 224, 178, 133 ಎಂದೇ ಕಾಣುವ ‘ಅ’ ಲ್ಯಾಪ್‌ಟಾಪಿನಲ್ಲಿ ಮೈನಸ್ 32, ಮೈನಸ್ 78, ಮೈನಸ್ 123 ಎಂದು ಕಾಣುತ್ತದೆ. ‘ಬೈಟು 127ಕ್ಕಿಂತ ದೊಡ್ಡದಾದರೆ ಕನ್ನಡ’ ಎಂದು ಬರೆದ ಸಾಲು ಪೈನಲ್ಲಿ ನಡೆಯುತ್ತದೆ, ಲ್ಯಾಪ್‌ಟಾಪಿನಲ್ಲಿ ಎಂದೂ ನಿಜವಾಗದು. ‘ಸೊನ್ನೆಗಿಂತ ಚಿಕ್ಕದಾದರೆ ಕನ್ನಡ’ ಎಂದು ಬರೆದರೆ ತಿರುಗುಮುರುಗು. ಆ ಬೈಟನ್ನೇ ಸೂಚಿಯಾಗಿ ಹಿಡಿದು ಅಕ್ಷರಗಳ ಕೋಷ್ಟಕದಲ್ಲಿ ಹುಡುಕಿದರೆ ಕೋಷ್ಟಕದ ಹಿಂದಿನ ನೆನಪಿಗೆ ಕೈ ಹಾಕಿದಂತಾಗುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 127ರೊಳಗೆ ಇರುವುದರಿಂದ ಇಂಗ್ಲಿಷ್ ಹೆಸರಿಟ್ಟು ಪರೀಕ್ಷಿಸುವವರಿಗೆ ಈ ತಪ್ಪು ಜನ್ಮದಲ್ಲಿ ಕಾಣಿಸುವುದಿಲ್ಲ. ಕನ್ನಡದಲ್ಲಿ ಪರೀಕ್ಷಿಸುವವರು ನೀವು, ನಿಮಗೇ ಕಾಣಬೇಕು. ಅಕ್ಷರದ ಬೈಟುಗಳನ್ನು ಯಾವಾಗಲೂ ‘ಅನ್‌ಸೈನ್ಡ್ ಕ್ಯಾರ್’ ಆಗಿ ಹಿಡಿಯಿರಿ.

ಇನ್ನು ಕಾಲದ ಲೆಕ್ಕ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಋಣ ಚಿಹ್ನೆಯ 32 ಬಿಟ್‌ನಲ್ಲಿ ಎಣಿಸುತ್ತಾ ಬಂದ ಗಡಿಯಾರಗಳು 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತವೆ. ಮರು ಸೆಕೆಂಡಿಗೆ ತಾರೀಖು 1901ರ ಡಿಸೆಂಬರಿಗೆ ಜಿಗಿಯುತ್ತದೆ. ಜನವರಿಯೆಂದರೆ ನಮ್ಮಲ್ಲಿ ತೊಗರಿ ರಾಶಿಯ, ಕಬ್ಬು ನುರಿಸುವ ಹೊತ್ತು, ತೂಕದ ಚೀಟಿಗಳು ಹರಿಯುವ ದಿನಗಳು. ಲಿನಕ್ಸ್ ಕರ್ನಲ್ 2020ರ 5.6ನೇ ಆವೃತ್ತಿಯಲ್ಲಿ 32 ಬಿಟ್ ಯಂತ್ರಗಳಿಗೂ 64 ಬಿಟ್ ಕಾಲ ಕೊಟ್ಟಿತು, 2021ರಲ್ಲಿ ಸಿ ಲೈಬ್ರರಿ ಜಿಲಿಬ್‌ಸಿ 2.34 ಅದಕ್ಕೆ ದಾರಿ ಮಾಡಿತು, 2024ರಲ್ಲಿ ಡೆಬಿಯನ್‌ನವರು 32 ಬಿಟ್ ಆರ್ಮ್‌ನ ಪ್ಯಾಕೇಜುಗಳನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ಕಟ್ಟಿದರು. ಆದರೆ ಬೋರ್ಡಿನ ಜೊತೆ ಬಂದ ಹಳೆಯ ಕ್ರಾಸ್-ಕಂಪೈಲರ್ ಕಟ್ಟಿಗೆ ಇದೊಂದೂ ತಿಳಿದಿರುವುದಿಲ್ಲ. ಹೊಸ 64 ಬಿಟ್ ಕಾಲದ ಪ್ರೋಗ್ರಾಂ ಹಳೆಯ 32 ಬಿಟ್ ಕಾಲದ ಲೈಬ್ರರಿಗೆ ಕೂಡಿಕೊಂಡರೆ ಮತ್ತೆ ಮೇಲೆ ಹೇಳಿದ ಸ್ಟ್ರಕ್ಟಿನ ಕಥೆಯೇ. ಈಗ ಹೊಲದಲ್ಲಿ ಕಟ್ಟಿದ ಸಾಧನ ಅಲ್ಲಿಯವರೆಗೂ ಬಾಳಬಹುದು.

ಹಾಗಾದರೆ ಏನು ಮಾಡಬೇಕು? 1999ರ ಮಾನಕದಿಂದ ಸಿ ಭಾಷೆಯಲ್ಲಿ ಗಾತ್ರ ಹೇಳಿಯೇ ಬರೆಯುವ ವಿಧಗಳಿವೆ: ‘ಇಂಟ್16_ಟಿ’, ‘ಇಂಟ್32_ಟಿ’, ‘ಯುಇಂಟ್32_ಟಿ’, ‘ಇಂಟ್64_ಟಿ’. ಹೊರಗಿನಿಂದ ಬರುವ, ಹೊರಗೆ ಹೋಗುವ, ಉಳಿಸಿಡುವ ಯಾವ ಸಂಖ್ಯೆಗೂ ಇವನ್ನೇ ಬಳಸಿ. ಹಣವೆಂದರೆ ‘ಇಂಟ್64_ಟಿ’ಯಲ್ಲಿ ಪೈಸೆ, ತೂಕವೆಂದರೆ ‘ಇಂಟ್32_ಟಿ’ಯಲ್ಲಿ ಗ್ರಾಂ, ಕಾಲವೆಂದರೆ ‘ಇಂಟ್64_ಟಿ’ಯಲ್ಲಿ ಸೆಕೆಂಡು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಕೋಡು ಯಾವುದಾದರೂ ಗಾತ್ರವನ್ನು ನಂಬಿಕೊಂಡಿದ್ದರೆ ಆ ನಂಬಿಕೆಯನ್ನು 2011ರ ಮಾನಕದ ‘ಸ್ಟ್ಯಾಟಿಕ್ ಅಸರ್ಟ್’ ಸಾಲಿನಲ್ಲಿ ಬರೆಯಿರಿ. ಗಾತ್ರ ಬೇರೆಯಾದ ಯಂತ್ರಕ್ಕೆ ಅದು ಕಟ್ಟಲು ಬಿಡುವುದಿಲ್ಲ. ಹೊಲದಲ್ಲಿ ತಪ್ಪುವುದಕ್ಕಿಂತ ಮೇಜಿನ ಮೇಲೆ ನಿಲ್ಲುವುದು ಎಷ್ಟೋ ಮೇಲು. ಕ್ವೆಮು ಎಂಬ ಮುಕ್ತ ತಂತ್ರಾಂಶದಿಂದ ಆರ್ಮ್, ರಿಸ್ಕ್-ಫೈವ್ ಪ್ರೋಗ್ರಾಂಗಳನ್ನು ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಬಹುದು, ಬೋರ್ಡು ಕೊಳ್ಳಲು ಹಣವಿಲ್ಲದವರಿಗೂ ಅದು ಸಿಗುತ್ತದೆ.

ಈ ಅಭ್ಯಾಸ ಈಗಲೇ ಆಗಲಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಮದ್ರಾಸ್ ಐಐಟಿಯ ಶಕ್ತಿ, ಸಿ-ಡ್ಯಾಕ್‌ನ ವೇಗ ಎಂಬ ಪ್ರೊಸೆಸರುಗಳು ನಮ್ಮ ದೇಶದಲ್ಲೇ ರೂಪುಗೊಂಡಿವೆ. ಎರಡೂ ರಿಸ್ಕ್-ಫೈವ್ ವಿನ್ಯಾಸದವು, 32 ಬಿಟ್‌ನವೂ ಇವೆ, 64 ಬಿಟ್‌ನವೂ ಇವೆ. ಇಂದು ಊನೊಗೆ ಬರೆದದ್ದನ್ನು ನಾಳೆ ಇವಕ್ಕೆ ಒಯ್ಯುವವರು ನೀವೇ ಆಗುತ್ತೀರಿ. ಇಂಟ್ ಬದಲಾಗುತ್ತದೆ, 64 ಬಿಟ್‌ನದಾದರೆ ಲಾಂಗ್ ಬದಲಾಗುತ್ತದೆ, ಕ್ಯಾರ್‌ನ ಚಿಹ್ನೆಯೂ ಬದಲಾಗುತ್ತದೆ.

ಮುಂದಿನ ಪ್ರದರ್ಶನಕ್ಕೆ ಯಾರು ಏನೇ ತಂದರೂ ನನ್ನ ಕೋರಿಕೆ ಇದು. ಮೇಜಿನ ಮೇಲಿಡುವ ಮುನ್ನ ಬೋರ್ಡಿನ ಮೇಲೆಯೇ 32,767, 32,768, 65,535, 65,536 ಈ ನಾಲ್ಕನ್ನೂ ಕೊಟ್ಟು ನೋಡಿ. ಒಂದು ಮೈನಸ್ ಸಂಖ್ಯೆ ಕೊಡಿ. ನಿಮ್ಮೂರಿನ ಹೆಸರನ್ನು ಕನ್ನಡದಲ್ಲಿ ಕೊಡಿ. ಗಡಿಯಾರವನ್ನು 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 43 ನಿಮಿಷಕ್ಕೆ ತಿರುಗಿಸಿ ಎರಡು ನಿಮಿಷ ಕಾಯಿರಿ. ಬಂದ ಉತ್ತರಗಳನ್ನು ಯಾವ ಬೋರ್ಡು, ಯಾವ ಕಂಪೈಲರ್, ಯಾವ ಆವೃತ್ತಿ ಎಂಬುದರ ಸಮೇತ ಒಂದು ಹಾಳೆಯಲ್ಲಿ ಬರೆದು ಸಲಕರಣೆಯ ಜೊತೆಗೇ ಇಡಿ. ಕೊಳ್ಳಲು ಬರುವ ರೈತನಿಗೆ ಆ ಹಾಳೆಯನ್ನು ನೀವೇ ಓದಿ ಹೇಳಿ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ಪ್ರೋಗ್ರಾಮರ್